ಮೆಟ್ಟೂರಜ್ಜಿ ಮಾರಿದ ತಪ್ಪು ಟವೆಲ್ಲುಗಳು

ರೇವತಿ, ಮುರಳಿ, ಕೇಳಿ. ನಮ್ಮ ಎಡಪ್ಪಾಡಿಯಿಂದ ಮೆಟ್ಟೂರಿಗೆ ಹೋಗುವ ಬಸ್ಸಿನ ಕಂಡಕ್ಟರುಗಳು ಈ ಲೋಕದಲ್ಲಿ ಹೆದರುವುದು ಇಬ್ಬರಿಗೆ ಮಾತ್ರ. ಒಬ್ಬರು ಟಿಕೆಟ್ ನೋಡಲು ಬರುವ ಚೆಕಿಂಗ್ ಇನ್‌ಸ್ಪೆಕ್ಟರು. ಇನ್ನೊಬ್ಬಳು ನಿಮ್ಮ ಮೆಟ್ಟೂರಜ್ಜಿ. ಇನ್‌ಸ್ಪೆಕ್ಟರಾದರೂ ಟಿಕೆಟ್ ತೋರಿಸಿದರೆ ಇಳಿದು ಹೋಗುತ್ತಾರೆ. ಇವಳು ಕೊನೇ ಸ್ಟಾಪಿನವರೆಗೂ ಇಳಿಯುವುದಿಲ್ಲ, ದನಿಯನ್ನೂ ಇಳಿಸುವುದಿಲ್ಲ!

ಅವಳು ನಿಮ್ಮ ತಾತನ ತಂಗಿ, ನನಗೆ ನಾದಿನಿ. ಹೆಸರು ಬರೆಯುವುದಿಲ್ಲ. ಬರೆದರೆ ನನ್ನ ಕೇಳದೆ ಯಾಕೆ ಬರೆದೆ ಅಂತ ಜಗಳಕ್ಕೆ ಬರುತ್ತಾಳೆ. ಬರೆಯದಿದ್ದರೆ ನನ್ನ ಹೆಸರು ಯಾಕೆ ಬಿಟ್ಟೆ ಅಂತ ಬರುತ್ತಾಳೆ. ಹೇಗಿದ್ದರೂ ಬರುವವಳೇ, ಒಂದು ಹೆಸರಿನ ಮಸಿಯಾದರೂ ಉಳಿಯಲಿ.

ಅವಳ ಗಂಡನಿಗೆ ಮೆಟ್ಟೂರಿನ ಥರ್ಮಲ್‌ನಲ್ಲಿ, ಕರೆಂಟು ತೆಗೆಯುವ ಕಡೆ, ಕೆಲಸ. ಕ್ವಾರ್ಟರ್ಸಿನಲ್ಲಿ ಹಗಲೂ ರಾತ್ರಿ ಮಿಷನ್ನಿನ ಸದ್ದು. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ದನಿ ದೊಡ್ಡದಾಯಿತು ಅಂತ ಅವಳ ಗಂಡ ಹೇಳುತ್ತಾರೆ. ಸುಳ್ಳು. ನಾನು ಮದುವೆಯಾಗಿ ಬಂದಾಗ ಅವಳಿಗೆ ಹನ್ನೆರಡು ವರ್ಷ, ಆಗ ಥರ್ಮಲ್ಲೂ ಇರಲಿಲ್ಲ, ಗಂಡನೂ ಇರಲಿಲ್ಲ. ದನಿ ಮಾತ್ರ ಇತ್ತು. ನಮ್ಮ ಬೀದಿಗೆ ಮೊದಲು ಅವಳ ದನಿ ಬರುತ್ತದೆ, ಆಮೇಲೆ ಅವಳ ವೈರು ಚೀಲ ಬರುತ್ತದೆ, ಅವಳು ಬರುವಷ್ಟರಲ್ಲಿ ನಾನು ಕಾಫಿಗೆ ನೀರಿಟ್ಟಿರುತ್ತೇನೆ.

ಒಂದು ಸಲ ಸೇಲಂನಲ್ಲಿ ನಮ್ಮ ಸಂಬಂಧಿಕರ ಮದುವೆ. ಒಂದೇ ಬೀದಿಯಲ್ಲಿ ಎದುರುಬದುರು ಎರಡು ಕಲ್ಯಾಣ ಮಂಟಪ. ಇವಳು ನೇರವಾಗಿ ತಪ್ಪು ಮಂಟಪಕ್ಕೆ ನುಗ್ಗಿದಳು. ಯಾರ ಪರಿಚಯವೂ ಇಲ್ಲ ಅಂತ ತಿರುಗಿ ಬಂದಳೇ? ಪಂಕ್ತಿಯಲ್ಲಿ ಕೂತಳು, ಸಾಂಬಾರಿಗೆ ಉಪ್ಪು ಕಡಿಮೆ ಅಂತ ಅಡುಗೆಯವರನ್ನು ಕರೆಸಿ ಹೇಳಿದಳು, ಹುಡುಗಿಯ ತಾಯಿಯ ಮೊಣಕಾಲು ನೋವಿಗೆ ಎಣ್ಣೆ ಹೇಳಿಕೊಟ್ಟಳು, ಗಂಡುಹೆಣ್ಣಿಗೆ ಅಕ್ಷತೆ ಹಾಕಿ, ತಾಂಬೂಲದ ಚೀಲ ಹಿಡಿದು ಹೊರಗೆ ಬಂದಳು. ಎದುರು ಮಂಟಪದ ಬಾಗಿಲಲ್ಲಿ ನಾವು ಅವಳಿಗಾಗಿ ಕಾಯುತ್ತಾ ನಿಂತಿದ್ದೆವು. ನೀವೆಲ್ಲಾ ಅಲ್ಲಿ ಯಾಕೆ ನಿಂತಿದ್ದೀರಿ ಅಂತ ನಮ್ಮನ್ನೇ ಬೈದಳು. ಮುಂದಿನ ವರ್ಷ ಆ ತಪ್ಪು ಮನೆಯವರು ಮಗುವನ್ನು ತೊಟ್ಟಿಲಿಗೆ ಹಾಕುವುದಕ್ಕೆ ಮೆಟ್ಟೂರಿಗೆ ಹೋಗಿ ಅವಳನ್ನು ಕರೆದರು. ನಮ್ಮ ಸ್ವಂತ ಸಂಬಂಧಿಕರು ನಮಗೆ ಒಂದು ಕಾರ್ಡು ಕೂಡ ಹಾಕಲಿಲ್ಲ.

ನಾನು ಅವಳಿಗೆ ತದ್ವಿರುದ್ಧ. ಸಂತೆಯಲ್ಲಿ ಕೊತ್ತಂಬರಿ ಸೊಪ್ಪಿನ ಬೆಲೆ ಕೇಳಲೂ ನಾಚಿಕೆ. ಬೇರೆ ಯಾರಾದರೂ ಕೇಳುವವರೆಗೆ ಪಕ್ಕದಲ್ಲಿ ನಿಂತಿದ್ದು, ಅವರು ಕೊಟ್ಟಷ್ಟೇ ಕೊಟ್ಟು ಬರುವವಳು. ಕೊಳತ್ತೂರು ಕಡೆಯ ನನ್ನ ತವರೂರಿನ ಒಂದೇ ಕೋಣೆಯ ಶಾಲೆಯಲ್ಲಿ ಐದನೇ ತರಗತಿವರೆಗೆ ಓದಿದ್ದೇನೆ. ಮೇಷ್ಟ್ರು ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ ಬಾಯಿ ಬಿಡದೆ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದೆ. ಈಗ ಇದನ್ನು ಬರೆಯುತ್ತಿರುವುದೂ ಅದೇ ಕಾರಣಕ್ಕೆ. ನಿಮ್ಮ ಎದುರಿಗೆ ಕೂತು ಹೇಳು ಅಂದರೆ ನಾನು ಅಡುಗೆಮನೆಗೆ ಹೋಗಿಬಿಡುತ್ತೇನೆ.

ಈಗ ನಿಮ್ಮ ತಾತನ ವಿಷಯಕ್ಕೆ ಬರುತ್ತೇನೆ. ನೀವಿಬ್ಬರೂ ಆಗ ತೀರ ಚಿಕ್ಕವರು.

ತಾತ ಮನೆಯ ಮುಂದಿನ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನಲವತ್ತು ವರ್ಷ ಟವೆಲ್ ನೆಯ್ದವರು. ಬಿಳಿ ಟವೆಲ್ಲು, ಎರಡು ತುದಿಗೆ ಒಂದೊಂದು ಕೆಂಪು ಪಟ್ಟಿ. ಇಷ್ಟು ಬಿಳಿ ನೆಯ್ದ ಮೇಲೆ ಲಾಳಿ ಬದಲಾಯಿಸಿ ಕೆಂಪು ನೂಲು ಹಾಕಬೇಕು ಅನ್ನುವುದು ಅವರಿಗೆ ಉಸಿರಾಡಿದಷ್ಟು ಸಲೀಸು. ಆ ವರ್ಷ ಅದು ಜಾರತೊಡಗಿತು. ಪಟ್ಟಿ ನೆಯ್ದದ್ದು ಮರೆತು ಇನ್ನೊಂದು ಪಟ್ಟಿ ನೆಯ್ಯುತ್ತಿದ್ದರು. ಅದೂ ಮರೆತು ಮತ್ತೊಂದು. ಒಂದು ಟವೆಲ್ಲಿಗೆ ನಡುವಿನಲ್ಲೇ ಪಟ್ಟಿ, ಒಂದಕ್ಕೆ ಏಳು ಪಟ್ಟಿ, ಒಂದಕ್ಕೆ ಪಟ್ಟಿಯೇ ಇಲ್ಲ. ನೂಲು ಕೊಟ್ಟು ಬಟ್ಟೆ ತೆಗೆದುಕೊಳ್ಳುವ ಮುದಲಾಳಿ ಅದನ್ನು ಬಿಡಿಸಿ ನೋಡಿ, "ಏನ್ ಮಾಮಾ, ಟವೆಲ್ ಕೇಳಿದ್ರೆ ರೈಲ್ವೆ ಗೇಟ್ ನೆಯ್ದಿದ್ದೀರಾ?" ಅಂತ ನಗಾಡಿ ವಾಪಸು ಕೊಟ್ಟ. ತಾತನೂ ನಕ್ಕರು. ನಾನು ಆ ಟವೆಲ್ಲುಗಳನ್ನು ಮಡಿಸಿ ತಗಡಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟೆ. ಅಕ್ಕಪಕ್ಕದವರಿಗೆ ಅವರ ಕಣ್ಣು ಮಂಜಾಗಿದೆ ಅಂದೆ.

ಕಣ್ಣು ಮಂಜಾದವರು ಬಸ್ ಹತ್ತಿ ಹೋಗುತ್ತಾರೆಯೇ? ತಾತ ಹೋಗತೊಡಗಿದರು. ಅಣೆಕಟ್ಟಿನಲ್ಲಿ ನೀರು ಬಿಟ್ಟಿದ್ದಾರೆ, ನೋಡಿಕೊಂಡು ಬರುತ್ತೇನೆ ಅಂತ ಚಪ್ಪಲಿ ಮೆಟ್ಟಿ ಹೊರಟುಬಿಡುವರು. ಒಂದು ಸಲ ಜಲಕಂಠಪುರದ ಸಂತೆಯಲ್ಲಿ ಸಿಕ್ಕಿದರು. ಇನ್ನೊಂದು ಸಲ ಎರಡು ದಿನ ಸಿಗಲೇ ಇಲ್ಲ. ನಾನು ರಾಟೆಯ ಮುಂದೆ ಕೂತು ಬೇರೆಯವರ ಮಗ್ಗಕ್ಕೆ ನೂಲು ಸುತ್ತಿಕೊಟ್ಟರೆ ನಮ್ಮ ಒಲೆ ಉರಿಯುವುದು. ನೂಲಿನ ಮೇಲೆ ಕಣ್ಣಿಟ್ಟರೆ ಅವರು ಮಾಯ, ಅವರ ಮೇಲೆ ಕಣ್ಣಿಟ್ಟರೆ ನೂಲು ಗಂಟು. ನಿಮ್ಮಪ್ಪ ಸೇಲಂನ ಆಫೀಸಿನಿಂದ ಭಾನುವಾರ ಭಾನುವಾರ ಬರುತ್ತಿದ್ದ. ಒಂದು ಭಾನುವಾರ ಕಣ್ಣು ಒರೆಸಿಕೊಂಡು, ಪೊಂಗಲ್ ಕಳೆಯಲಿ ಅಮ್ಮಾ, ಆಮೇಲೆ ಅಪ್ಪನನ್ನು ಯಾವುದಾದರೂ ಆಶ್ರಮದಲ್ಲಿ ಬಿಡಬೇಕಾಗುತ್ತದೋ ಏನೋ ಅಂದ. ಅವನ ಮೇಲೆ ತಪ್ಪು ಹೊರಿಸಬೇಡಿ. ಅವನಿಗೆ ನನ್ನ ಮುಖ ನೋಡಿ ಭಯವಾಗಿತ್ತು.

ಆಶ್ರಮ ಅನ್ನುವ ಮಾತು ಕೇಳಿ ನಾನು ಮಾಡಿದ ಕೆಲಸವನ್ನು ಈಗ ಬರೆಯಬೇಕು. ಬಡಗಿಯನ್ನು ಕರೆಸಿ ಹಿಂದಿನ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸಿದೆ. ನೂಲು ಸುತ್ತುವಷ್ಟು ಹೊತ್ತು ತಾತ ಒಳಗೆ, ನಾನು ಹೊರಗೆ. ಅವರು ಕೂಗಾಡಲಿಲ್ಲ, ಬಾಗಿಲು ಬಡಿಯಲಿಲ್ಲ. ಒಳಗಿನಿಂದ ಬಹಳ ಮರ್ಯಾದೆಯಾಗಿ ಕೇಳುತ್ತಿದ್ದರು: "ಯಾರಮ್ಮಾ ಅದು ಒರಗೆ? ಸ್ವಲ್ಪ ಬಾಗ್ಲು ತೆಗೀತೀರಾ? ನಮ್ಮನೇಲಿ ಕಾಯ್ತಾ ಇರ್ತಾರೆ."

ರಾಟೆ ಜೋರಾಗಿ ತಿರುಗಿಸಿದರೆ ಆ ದನಿ ಕೇಳುತ್ತಿರಲಿಲ್ಲ. ನಾನು ಜೋರಾಗಿ ತಿರುಗಿಸುತ್ತಿದ್ದೆ.

ಮೆಟ್ಟೂರಜ್ಜಿ ಬಂದದ್ದು ಅಂಥ ಒಂದು ಬೆಳಿಗ್ಗೆ. ಬೀದಿಯಿಂದಲೇ ಏನೋ ಹೇಳಿಕೊಂಡು ಬಂದವಳು ಚಿಲಕ ನೋಡಿದಳು. ನೋಡಿ, ಹುಟ್ಟಿದಾಗಿನಿಂದ ಮೊದಲ ಸಲ ಸುಮ್ಮನಾದಳು. ನನಗೆ ಅವಳು ಬೈದಿದ್ದರೆ ವಾಸಿಯಾಗಿತ್ತು. ಸೀದಾ ಮಗ್ಗದ ಹತ್ತಿರ ಹೋಗಿ ಇಕ್ಕಳ ತಂದಳು, ಕೂತು ಒಂದೊಂದೇ ಮೊಳೆ ಕಿತ್ತಳು, ಚಿಲಕವನ್ನು ವೈರು ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಕಾಫಿ ಕುಡಿದು, ಮೊಳೆ ಚೆನ್ನಾಗಿವೆ, ನಮ್ಮ ಕ್ವಾರ್ಟರ್ಸಿನ ಕೋಳಿಗೂಡಿಗೆ ಆಗುತ್ತವೆ, ಇಂಥವೇ ಇನ್ನು ನಾಲ್ಕು ಇದ್ದರೆ ಕೊಡು ಅಂದಳು!

"ಬಾಗ್ಲು ತೆಗೆದಿಟ್ರೆ ಅವ್ರು ಓಗ್ಬಿಡ್ತಾರೆ," ಅಂದೆ ನಾನು.

"ಓಗ್ಲಿ ಅತ್ಗೆ. ನೀನೊಬ್ಳೇ ಕಾಯೋದಕ್ಕೆ ಆಗಾಕಿಲ್ಲ. ಊರು ಕಾಯ್ಬೇಕು. ಊರಿಗೆ ಯೋಳ್ಬೇಕು, ಅಷ್ಟೇ."

"ಜನ ಏನಂತಾರೆ?"

"ಮರೆವು ಅಂತಾರೆ. ಇರೋದೂ ಅದೇ ತಾನೇ?"

ಅವಳೇ ನಮ್ಮಿಬ್ಬರನ್ನೂ ಸೇಲಂಗೆ ಕರೆದುಕೊಂಡು ಹೋಗಿ ಒಬ್ಬ ಡಾಕ್ಟರಿಗೆ ತೋರಿಸಿದಳು. ಡಾಕ್ಟರು ಪಾಪ, ನಿಧಾನವಾಗಿ ಎಲ್ಲಾ ಬಿಡಿಸಿ ಹೇಳಿದರು. ಇದು ಹುಚ್ಚಲ್ಲ, ಗ್ರಹಚಾರವಲ್ಲ, ಮೆದುಳಿನ ಕಾಯಿಲೆ. ಇದಕ್ಕೆ ಡಿಮೆನ್ಷಿಯಾ ಅನ್ನುತ್ತಾರೆ. ಪೂರ್ತಿ ವಾಸಿ ಮಾಡುವ ಮದ್ದಿಲ್ಲ, ಆದರೆ ಜನರ ನಡುವೆ ಇಟ್ಟುಕೊಳ್ಳಿ, ಕೈಗೆ ಕೆಲಸ ಕೊಡಿ, ವಾದ ಮಾಡಬೇಡಿ, ನೋಡಿಕೊಳ್ಳುವವರಿಗೂ ವಿಶ್ರಾಂತಿ ಬೇಕು. ಮೆಟ್ಟೂರಜ್ಜಿ ಇಷ್ಟನ್ನೂ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ ಅಂತ ಹಟ ಹಿಡಿದಳು. ಅವರು ತಮಿಳಿನಲ್ಲಿ ಬರೆದುಕೊಟ್ಟರು. ಇವಳು ಹೊರಗೆ ಬಂದವಳೇ ಜೆರಾಕ್ಸ್ ಅಂಗಡಿಗೆ ಹೋಗಿ ಅದಕ್ಕೆ ಲ್ಯಾಮಿನೇಷನ್ ಮಾಡಿಸಿದಳು. ಮದುವೆ ಫೋಟೋಗೂ ಲ್ಯಾಮಿನೇಷನ್ ಮಾಡಿಸದ ಹೆಂಗಸು!

ಮನೆಗೆ ಬಂದು ದುಪ್ಪಟಿ ಹುಡುಕುತ್ತಾ ನನ್ನ ತಗಡಿನ ಪೆಟ್ಟಿಗೆ ತೆರೆದಳು. ರೈಲ್ವೆ ಗೇಟುಗಳೆಲ್ಲಾ ಹೊರಗೆ ಬಂದವು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಅವಳು ಒಂದನ್ನು ಕೊಡವಿ ತಾತನ ಹೆಗಲಿಗೆ ಹಾಕಿ, ದೂರ ನಿಂತು ನೋಡಿದಳು. ಇಂಥ ಟವೆಲ್ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರ ಹೆಗಲ ಮೇಲೆ ಇರುವುದಕ್ಕೆ ಸಾಧ್ಯವೇ ಇಲ್ಲ, ಇದೇ ಗುರುತು ಅಂದಳು.

ಮರುದಿನವೇ ಪಾಠ ಶುರು. ಬಸ್ ಸ್ಟಾಂಡಿನಲ್ಲಿ ಒಬ್ಬ ಕಂಡಕ್ಟರನ್ನೂ ಬಿಡಲಿಲ್ಲ. ಕೆಂಪು ಪಟ್ಟಿ ತಪ್ಪು ಜಾಗದಲ್ಲಿರುವ ಟವೆಲ್ ಹೊದ್ದ ಯಜಮಾನರು ಕಂಡರೆ ಅವರು ನನ್ನ ಅಣ್ಣ, ಎಡಪ್ಪಾಡಿ ಬಸ್ಸಿಗೆ ಹತ್ತಿಸಿ, ನಮ್ಮ ಬೀದಿ ಮೂಲೆಯಲ್ಲಿ ಇಳಿಸಿ. ನಾನು ಕಳೆದುಹೋಗಿಲ್ಲ, ನನಗೆ ಕೆಲಸ ಇದೆ ಅಂತಲೇ ಅವರು ಹೇಳುತ್ತಾರೆ. ನಂಬಬೇಡಿ, ವಾದವನ್ನೂ ಮಾಡಬೇಡಿ. ಹೂಂ ಹೂಂ ಅನ್ನುತ್ತಾ ಪ್ರೀತಿಯಿಂದ ಕೈ ಹಿಡಿದು ಕೂರಿಸಿ. ಇದನ್ನು ಅವಳು ಕಂಡಕ್ಟರುಗಳಿಗೆ ಬಾಯಿಪಾಠ ಮಾಡಿಸಿದಳು. ತಪ್ಪಿದವನ ಬಸ್ಸಿನಲ್ಲಿ ಮೆಟ್ಟೂರಿನವರೆಗೂ ಕೂತು ಮತ್ತೆ ಹೇಳಿಕೊಟ್ಟಳು.

ಫಲ ಸಿಕ್ಕಿತು. ಮುಂದಿನ ಸಲ ತಾತ ಹೊರಟುಹೋದಾಗ ಮಧ್ಯಾಹ್ನದೊಳಗೆ ಮನೆಗೆ ಬಂದರು. ಕಂಡಕ್ಟರ್ ಸೀಟಿನಲ್ಲಿ ಕೂತು ಬಂದಿದ್ದರು, ಎರಡು ಟೀ ಕುಡಿದಿದ್ದರು. ಇಳಿಯುವಾಗ, ಬಸ್ಸಿನ ವ್ಯವಸ್ಥೆ ಮೊದಲಿಗಿಂತ ಚೆನ್ನಾಗಿದೆ ಅಂತ ಡ್ರೈವರಿಗೆ ಹೇಳಿದರಂತೆ.

ಆದರೆ ನನ್ನ ಕಷ್ಟ ಹಾಗೇ ಇತ್ತು. ದಿನವೂ ಕಂಡಕ್ಟರುಗಳು ಕಾಯುತ್ತಾರೆಯೇ? ಪೊಂಗಲ್ ಹತ್ತಿರವಾಗುತ್ತಿತ್ತು. ಮೆಟ್ಟೂರಜ್ಜಿ ನಮ್ಮ ಮನೆ ಪಕ್ಕದ ಹಳೇ ಮಗ್ಗದ ಕೊಟ್ಟಿಗೆಯನ್ನು ಸುತ್ತಿ ಸುತ್ತಿ ನೋಡಿದಳು. ಮಾಡು ಬಿದ್ದು ಮುಳ್ಳುಗಿಡ ಬೆಳೆದಿತ್ತು. ಇದಕ್ಕೆ ಶೀಟು ಹಾಕಿಸಿ, ಆಸ್ಪತ್ರೆಯಲ್ಲಿ ಆಯಾ ಆಗಿದ್ದು ನಿವೃತ್ತಿಯಾದ ಒಬ್ಬ ಹೆಂಗಸನ್ನು ಸಂಬಳಕ್ಕೆ ಇಟ್ಟರೆ, ಬೆಳಿಗ್ಗೆಯಿಂದ ಸಂಜೆವರೆಗೆ ಅಣ್ಣ ಇಲ್ಲಿರಬಹುದು, ನೀನು ನೂಲು ಸುತ್ತಬಹುದು ಅಂದಳು. ನಮ್ಮಂಥ ಮನೆ ಇನ್ನೂ ಇದ್ದರೆ ಅವರೂ ಬರಲಿ ಅಂದಳು. ನಮ್ಮಂಥ ಮನೆ ಇನ್ನೊಂದಿದೆ ಅಂತ ನಾನು ನಂಬಲಿಲ್ಲ. ಅದಿರಲಿ, ಶೀಟಿಗೆ ದುಡ್ಡೆಲ್ಲಿ?

ಅವಳು ತಗಡಿನ ಪೆಟ್ಟಿಗೆಯನ್ನೇ ಬಸ್ಸಿಗೆ ಹತ್ತಿಸಿದಳು.

ಒಂದು ಕೈಯಲ್ಲಿ ಡಾಕ್ಟರ ಕಾಗದ, ಒಂದು ಕೈಯಲ್ಲಿ ಟವೆಲ್ಲು. ಮರೆವಿನ ಕಾಯಿಲೆ ಅಂದರೆ ಏನು, ಅದನ್ನು ನೋಡಿಕೊಳ್ಳುವ ಮನೆಯವರ ಪಾಡೇನು, ಅವರನ್ನು ಕೂಡಿ ಹಾಕಬಾರದು ಯಾಕೆ ಅಂತ ಜಲಕಂಠಪುರ ಬರುವವರೆಗೆ ಭಾಷಣ. ಜಲಕಂಠಪುರ ದಾಟಿದ ಮೇಲೆ ವ್ಯಾಪಾರ. ಒಂದು ಸಲ ನಾನೂ ಜೊತೆಗಿದ್ದೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕಿಟಕಿ ಕಡೆ ತಿರುಗಿ ಕೂತಿದ್ದೆ. ಒಬ್ಬ ರೈತ ಟವೆಲ್ ತಿರುವಿ ನೋಡಿ, ಪಟ್ಟಿ ತಪ್ಪಾಗಿದೆಯಲ್ಲಾ, ಬೆಲೆ ಇಳಿಸು ಅಂದ.

"ತಪ್ಪಿಲ್ಲದ ಟವೆಲ್ ಎಲ್ಲಾ ಅಂಗಡೀಲೂ ಐತೆ, ಓಗಿ ತಕ್ಕೊಳಪ್ಪಾ," ಅಂದಳು ಇವಳು. "ನೀನು ಕೈಯಾಗೆ ಇಡ್ಕಂಡಿರೋದಕ್ಕೆ ಮೂರು ಪಟ್ಟಿ ಜಾಸ್ತಿ ಐತೆ. ಅದಕ್ಕೆ ಮೂರು ರೂಪಾಯಿ ಮೇಲೆ ಕೊಡ್ಬೇಕು."

ಅವನು ಕೊಟ್ಟ! ಪಕ್ಕದವನು ತನಗೂ ಜಾಸ್ತಿ ಪಟ್ಟಿಯದೇ ಬೇಕು ಅಂದ. ವಾರದೊಳಗೆ ಪೆಟ್ಟಿಗೆ ಖಾಲಿ. ಬಂದ ದುಡ್ಡಿನಲ್ಲಿ ಸ್ವಲ್ಪ ನೂಲು ತಂದುಕೊಟ್ಟಳು, ಉಳಿದದ್ದು ಶೀಟಿಗೆ. ತಾತ ಮತ್ತೆ ಮಗ್ಗಕ್ಕೆ ಕೂತರು. ಇಷ್ಟು ವರ್ಷದಲ್ಲಿ ನೆಯ್ದದ್ದು ನೆಯ್ದ ಹಾಗೇ ಮಾರಾಟವಾಗಿದ್ದು ಅದೇ ಮೊದಲು. ಮುದಲಾಳಿಯೂ ಬಂದು ಒಂದು ತೆಗೆದುಕೊಂಡು ಹೋದ.

ಮಕ್ಕಳೇ, ನಿಮಗೆ ಆಗಲೇ ಹೊಳೆದಿರಬಹುದು. ನಮಗೆ ಹೊಳೆಯಲಿಲ್ಲ. ಯಾವ ಟವೆಲ್ಲು ತಾತನ ಗುರುತು ಅಂತ ಎಲ್ಲಾ ಕಂಡಕ್ಟರುಗಳಿಗೂ ಪಾಠ ಮಾಡಿದ್ದಳೋ, ಅದೇ ಟವೆಲ್ಲನ್ನು ಅದೇ ಬಸ್ಸುಗಳಲ್ಲಿ ಊರೂರಿಗೆ ಮಾರಿದ್ದಳು.

ಮೊದಲು ಬಂದವರು ಕಡಯಂಪಟ್ಟಿಯ ಬೆಲ್ಲದ ವ್ಯಾಪಾರಿ. ಮಗನಿಗೆ ಹೆಣ್ಣು ನೋಡುವುದಕ್ಕೆ ಹೊರಟಿದ್ದ ಯಜಮಾನರು, ಹೆಗಲ ಮೇಲೆ ಹೊಸ ಟವೆಲ್ಲು, ಐದು ಪಟ್ಟಿ. ಮೆಟ್ಟೂರು ಬಸ್ ಸ್ಟಾಂಡಿನಲ್ಲಿ ಉಳಿದವರಿಗಾಗಿ ಕಾಯುತ್ತಾ ಕೂತಿದ್ದಾರೆ. ಒಬ್ಬ ಕಂಡಕ್ಟರ್ ಹೋಗಿ ಕೈ ಹಿಡಿದು, "ವಾಂಗ ಪೆರಿಯವರೇ, ವೀಟುಕ್ಕು ಪೋಲಾಂ," ಅಂದ. ಬನ್ನಿ ಯಜಮಾನರೇ, ಮನೆಗೆ ಹೋಗೋಣ ಅಂತ. ಅವರು ನಾನು ಕಳೆದುಹೋಗಿಲ್ಲಪ್ಪಾ, ನನಗೆ ಕೆಲಸ ಇದೆ ಅಂದರು. ಪಾಪ, ಆ ಮಾತು ಆಡಬಾರದಿತ್ತು! ಕಂಡಕ್ಟರಿಗೆ ಪಾಠದ ಸಾಲು ಸಾಲು ನೆನಪಾಗಿ ಪ್ರೀತಿ ಉಕ್ಕಿಬಂತು. ಅವರು ಎಷ್ಟು ಸಿಟ್ಟಾದರೋ ಇವನು ಅಷ್ಟು ಮೃದುವಾದ. ಹೆಣ್ಣು ನೋಡಬೇಕು ಕಣಯ್ಯಾ ಅಂತ ಅವರು ಕೂಗಿದರೆ, ಹೆಣ್ಣು ಅಲ್ಲೇ ಇದ್ದಾಳೆ ಬನ್ನಿ ಅಂತ ಬಸ್ಸಿಗೆ ಹತ್ತಿಸಿಯೇಬಿಟ್ಟ.

ನಮ್ಮ ಬಾಗಿಲಲ್ಲಿ ನಿಂತು ಅವರು, ಎಲ್ಲಿದ್ದಾಳಮ್ಮಾ ಹುಡುಗಿ ಅಂದರು. ಯಾವ ಹುಡುಗಿ ಅಂದೆ ನಾನು ಬಾಗಿಲ ಹಿಂದಿನಿಂದ. ಅಷ್ಟರಲ್ಲಿ ತಾತ ಮಗ್ಗದಿಂದ ಎದ್ದು ಬಂದು, ಬನ್ನಿ ಬನ್ನಿ, ನಿಮ್ಮನ್ನೇ ಕಾಯುತ್ತಿದ್ದೆ ಅಂತ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿದರು. ಇಬ್ಬರ ಹೆಗಲ ಮೇಲೂ ಒಂದೇ ಟವೆಲ್ಲು. ನಾನು ಹೊರಗೆ ಬರಲೇಬೇಕಾಯಿತು. ಗಂಡನಿಗೆ ಹೀಗೆ ಕಾಯಿಲೆ, ನಾದಿನಿ ಹೀಗೆ ಮಾಡಿದಳು, ಟವೆಲ್ಲಿನಿಂದ ಹೀಗಾಯಿತು ಅಂತ, ಅಪರಿಚಿತ ಗಂಡಸಿನ ಮುಂದೆ ನಿಂತು, ಮೊದಲಿನಿಂದ ಕೊನೆವರೆಗೂ ಹೇಳಿದೆ. ನನ್ನ ದನಿ ನನಗೇ ಹೊಸದಾಗಿತ್ತು. ಅವರು ಕೇಳುತ್ತಾ ಕೇಳುತ್ತಾ ಸಿಟ್ಟು ಬಿಟ್ಟು ಕಾಫಿ ಕುಡಿದರು. ಹೋಗುವಾಗ ಟವೆಲ್ಲನ್ನು ಮಡಿಸಿ ಚೀಲದೊಳಗೆ ಭದ್ರವಾಗಿ ಬಚ್ಚಿಟ್ಟುಕೊಂಡು ಹೋದರು.

ಆಮೇಲೆ ಸಾಲು ಹಿಡಿದು ಬಂದರು. ಅಣೆಕಟ್ಟಿನ ಆಫೀಸಿನಲ್ಲಿ ಕೆಲಸ ಮಾಡಿ ರಿಟೈರಾದವರು, ಎಮ್ಮೆ ಕೊಳ್ಳಲು ಹೊರಟವರು, ಮಗಳ ಮನೆಗೆ ಹೊರಟವರು. ಬೀದಿಯ ಹೆಂಗಸರು ಬಸ್ ಸದ್ದಾದರೆ ಹೊರಗೆ ಬಂದು, ಇವತ್ತು ನಿಮ್ಮ ಯಜಮಾನರು ಎಷ್ಟು ಜನ ಬಂದರು ಅಂತ ಕೇಳತೊಡಗಿದರು. ಕೊತ್ತಂಬರಿ ಬೆಲೆ ಕೇಳದವಳು ಆ ಒಂದು ತಿಂಗಳಲ್ಲಿ ಎಷ್ಟು ಸಿಟ್ಟಿನ ಗಂಡಸರಿಗೆ ಡಿಮೆನ್ಷಿಯಾ ಅಂದರೇನು ಅಂತ ವಿವರಿಸಿದೆನೋ! ಡಾಕ್ಟರ ಕಾಗದ ನನಗೂ ಬಾಯಿಪಾಠವಾಯಿತು. ಮೆಟ್ಟೂರಜ್ಜಿಗೆ ಹೇಳಿ ಕಳಿಸಿ ಬೈದರೆ, ನಾನು ಬಸ್ಸಿನಲ್ಲಿ ಹೇಳುವುದನ್ನು ನೀನು ಮನೆಯಲ್ಲಿ ಹೇಳುತ್ತೀಯ, ಒಳ್ಳೇದೇ ಆಯಿತು ಅಂದಳು.

ಒಂದು ಗುರುವಾರ ಇನ್ನೊಬ್ಬರನ್ನು ಇಳಿಸಿ ಹೋದರು. ನಾನು ಅಭ್ಯಾಸದಂತೆ ಕಾಫಿ ತಂದು, ಕ್ಷಮಿಸಿ ಅಣ್ಣಾ ಅಂತ ಶುರುಮಾಡಿದೆ. ಅವರು ಸಿಟ್ಟಾಗಲಿಲ್ಲ. ನಾನು ಯಾಕೆ ಇಲ್ಲಿ ಅಂತ ಕೇಳಲಿಲ್ಲ. ಟವೆಲ್ಲನ್ನು ಮಡಿಲಲ್ಲಿಟ್ಟು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಹೆಸರು ಕೇಳಿದೆ, ನಕ್ಕರು. ಊರು ಕೇಳಿದೆ, ನಕ್ಕರು. ನಾನು ಕಾಫಿ ಲೋಟವನ್ನು ಅವರ ಕೈಗೆ ಹಿಡಿಸಿದೆ. ತಾತ ಅವರನ್ನು ಕರೆದುಕೊಂಡು ಹೋಗಿ ಮಗ್ಗದ ಪಕ್ಕ ಕೂರಿಸಿಕೊಂಡರು. ಒಬ್ಬರು ನೆಯ್ದರು, ಒಬ್ಬರು ಮಡಿಸಿದರು.

ಸಂಜೆ ಆಗುತ್ತಿರುವಾಗ ಒಬ್ಬಳು ಹೆಣ್ಣುಮಗಳು ಬಂದು ಬಾಗಿಲ ಪಕ್ಕ, ಒಳಗೂ ಬರದೆ, ಕರೆಯಲೂ ಕರೆಯದೆ ನಿಂತಳು. ಹಾಗೆ ನಿಲ್ಲುವುದು ನನಗೆ ಚೆನ್ನಾಗಿ ಗೊತ್ತು. ನಾನೇ ಹೋಗಿ ಕೈ ಹಿಡಿದು ಒಳಗೆ ಕರೆದುಕೊಂಡೆ. ಅವಳು ಆ ಯಜಮಾನರ ಸೊಸೆ. ಮೆಟ್ಟೂರಿನ ಆಚೆ ಹಳ್ಳಿ, ಹೊಲದ ಕೆಲಸ.

"ಆಯಮ್ಮ ಬಸ್ಸಾಗೆ ಯೋಳಿದ್ದು ಕೇಳಿದ್ನಕ್ಕಾ," ಅಂದಳು. "ನಮ್ಮ ಮಾವಂಗೂ ಇಂಗೇನೇ. ಯಾರಿಗೂ ಯೋಳಿಲ್ಲ. ಟವೆಲ್ ತಕ್ಕೊಂಡೋಗಿ ನಾನೇ ಅವ್ರ ಎಗಲಿಗೆ ಆಕ್ಬಿಟ್ಟೆ. ಕಳೆದೋದ್ರೆ ಇಲ್ಲಿಗಾದ್ರೂ ತರ್ತಾರೆ ಅಂತ."

ನಾನು ಅವಳಿಗೂ ಕಾಫಿ ಕೊಟ್ಟೆ. ಅವಳು ಮತ್ತೆ ತಲೆ ತಗ್ಗಿಸಿ, ಹೊಲಕ್ಕೆ ಹೋಗುವಾಗ ಮಾವನನ್ನು ಒಳಗೆ ಹಾಕಿ ಬೀಗ ಹಾಕುತ್ತೇನೆ, ನನಗೆ ಪಾಪ ತಟ್ಟುತ್ತದಾ ಅಕ್ಕಾ ಅಂತ ಕೇಳಿದಳು.

"ನಾನೂ ಚಿಲಕ ಆಕಿದ್ದೆ," ಅಂದೆ.

ಅದನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಇಬ್ಬರೂ ಅಲ್ಲೇ ನೂಲಿನ ಬುಟ್ಟಿಯ ಪಕ್ಕ ಕೂತು ಅತ್ತೆವು. ಒಳಗೆ ಇಬ್ಬರು ಯಜಮಾನರು ಏನೋ ಹೇಳಿಕೊಂಡು ನಗುತ್ತಿದ್ದರು.

ಅಲ್ಲಿಂದ ಮುಂದೆ ಕೆಲಸ ಬೇಗ ಬೇಗ ಆಯಿತು. ಬಸ್ ಸ್ಟಾಂಡಿನ ಕಂಡಕ್ಟರು ಡ್ರೈವರುಗಳೆಲ್ಲಾ ಸೇರಿ ಕಡಿಮೆ ಬಿದ್ದ ಶೀಟು ಕೊಡಿಸಿದರು. ತಪ್ಪು ಜನರನ್ನು ಇಳಿಸಿದ್ದಕ್ಕೆ ದಂಡ ಅಂತ ನಗಾಡಿದರು. ಕಡಯಂಪಟ್ಟಿಯ ಬೆಲ್ಲದವರು ಮರದ ತೊಲೆಗಳನ್ನೂ ಒಂದು ಮೂಟೆ ಬೆಲ್ಲವನ್ನೂ ಕಳಿಸಿ, ಇನ್ನು ಯಾರೂ ನನ್ನನ್ನು ಪ್ರೀತಿಯಿಂದ ಬಸ್ಸಿಗೆ ಹತ್ತಿಸಬಾರದು, ಅದೊಂದೇ ಷರತ್ತು ಅಂತ ಹೇಳಿ ಕಳಿಸಿದರು. ಆಯಾ ಬಂದಳು. ನಮ್ಮಂಥ ಮನೆಗಳೂ ಒಂದೊಂದೇ ಬಂದವು. ಅಡಗಿಸಿಟ್ಟ ತಾಯಿ, ಅಡಗಿಸಿಟ್ಟ ಮಾವ, ಅಡಗಿಸಿಟ್ಟ ಹೆಂಡತಿ. ಸಂಬಳಕ್ಕೆ ದುಡ್ಡು ಕೊಡಲು ಆಗದವರು ಮುಯ್ಯಾಳಿನ ಪದ್ಧತಿಯಲ್ಲಿ ಬಂದರು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಅಂತ ನಮ್ಮ ಕಡೆ ಬೇಸಾಯ ಮಾಡುವುದಿಲ್ಲವೇ, ಹಾಗೆ. ಇವತ್ತು ನಿನ್ನ ಮಾವನನ್ನು ನಾನು ನೋಡಿಕೊಳ್ಳುತ್ತೇನೆ, ನಾಳೆ ನನ್ನ ಗಂಡನನ್ನು ನೀನು ನೋಡಿಕೋ. ಮೊದಲು ಬಂದ ಆ ಸೊಸೆಗೆ ವಾರದಲ್ಲಿ ಒಂದು ದಿನದ ಪಾಳಿ. ಹೊಲದಿಂದ ಅವರೆಕಾಯಿ ತರುತ್ತಿದ್ದಳು, ಎಲ್ಲರೂ ಕೂತು ಬಿಡಿಸುವರು. ತಾತ ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ ಹಾಕಿ, ಆಮೇಲೆ ಎರಡನ್ನೂ ಕಲಸಿಬಿಡುವರು. ಮತ್ತೆ ಆರಿಸುವುದು. ಹೊತ್ತು ಹೋಗಬೇಕು ತಾನೇ?

ಪೊಂಗಲ್ ಕಳೆದ ವಾರ ಕೊಟ್ಟಿಗೆಯ ಪೂಜೆ. ನಿಮ್ಮಪ್ಪನೂ ಬಂದಿದ್ದ. ಮೆಟ್ಟೂರಜ್ಜಿ ಭಾಷಣ ಮಾಡುತ್ತಾಳೆ ಅಂತ ಎಲ್ಲರೂ ಕೂತರೆ, ಅವಳು ನನ್ನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ನೂಕಿದಳು. ಅಷ್ಟು ಜನ! ನಾನು ಹೇಳಿದ್ದು ಇಷ್ಟೇ: ನಾನು ನನ್ನ ಗಂಡನನ್ನು ಕೋಣೆಯಲ್ಲಿ ಕೂಡಿ ಹಾಕಿದ್ದೆ, ಇನ್ನು ಹಾಕುವುದಿಲ್ಲ, ನೀವೂ ಹಾಕಬೇಡಿ, ಇಲ್ಲಿಗೆ ಕರೆದುಕೊಂಡು ಬನ್ನಿ. ಹೇಳಿ ಅಡುಗೆಮನೆಗೆ ಓಡಿದೆ. ನಿಮ್ಮಪ್ಪ ಹಿಂದೆಯೇ ಬಂದು ನನ್ನ ಪಕ್ಕ ಸುಮ್ಮನೆ ನಿಂತುಕೊಂಡ. ಆಶ್ರಮದ ಮಾತು ಮತ್ತೆ ಅವನ ಬಾಯಲ್ಲಿ ಬರಲಿಲ್ಲ.

ತಾತ ಆಮೇಲೆ ಮೂರು ವರ್ಷ ಇದ್ದರು. ಮನೆಯಲ್ಲೇ ಇದ್ದರು, ಮನೆಯಲ್ಲೇ ಹೋದರು.

ಇನ್ನೊಂದು ಸಂಗತಿ ಇದೆ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲಾ ಬರೆದೆನೋ ಏನೋ.

ಒಂದು ಮಧ್ಯಾಹ್ನ ಕೊಟ್ಟಿಗೆಗೆ ಮಜ್ಜಿಗೆ ತೆಗೆದುಕೊಂಡು ಹೋದೆ. ಮೆಟ್ಟೂರಜ್ಜಿ ತಾತನ ಎದುರು ಕೂತು ಅವರ ಕೈಯ ಉಗುರು ಕತ್ತರಿಸುತ್ತಿದ್ದಳು. ನಾನು ಬಂದದ್ದು ಇಬ್ಬರೂ ನೋಡಲಿಲ್ಲ. ತಾತ ಅವಳನ್ನು ಕೇಳುತ್ತಿದ್ದರು.

"ನೀನು ಒಳ್ಳೇ ಎಣ್ಮಗಳು ಕಣಮ್ಮಾ. ನಿಂಗೆ ಅಣ್ಣತಮ್ಮಂದಿರು ಅವ್ರಾ?"

"ಅವ್ರೆ. ಒಬ್ರು."

"ಬಂದು ನೋಡ್ತಾರಾ ನಿನ್ನ?"

"ಇಲ್ಲ. ನಾನೇ ಓಗಿ ನೋಡ್ತೀನಿ. ವಾರ ವಾರ."

"ಒಳ್ಳೇದು. ಬಿಡ್ಬ್ಯಾಡ," ಅಂದರು ತಾತ.

ಅವಳು ಹೂಂ ಅಂದು ಇನ್ನೊಂದು ಕೈ ತೆಗೆದುಕೊಂಡಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಆಮೇಲೆ ಬಾವಿಯ ಹತ್ತಿರ, ಯಾವಾಗಿನಿಂದ ಹೀಗೆ ಅಂತ ಕೇಳಿದೆ. ನಿಮ್ಮನ್ನೆಲ್ಲಾ ಗುರುತು ಹಿಡಿಯುತ್ತಿದ್ದಾಗಲೇ ನನ್ನನ್ನು ಮರೆತುಬಿಟ್ಟಿದ್ದರು ಅಂದಳು. ನಾವೆಲ್ಲಾ ನಗುತ್ತಿದ್ದೆವಲ್ಲ, ಆ ಎಲ್ಲಾ ಬಸ್ಸುಗಳಲ್ಲೂ ಅವಳು ಅದನ್ನು ಒಳಗೆ ಇಟ್ಟುಕೊಂಡೇ ಕೂಗುತ್ತಿದ್ದಳು.

ರೇವತಿ, ಮುರಳಿ, ಈ ಹಾಳೆಗಳನ್ನು ಗೆದ್ದಲು ಹತ್ತದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಒಂದು ದಿನ ನಾನೂ ನಿಮ್ಮನ್ನು, ಯಾರಪ್ಪಾ ನೀವು ಅಂತ ಕೇಳಿದರೆ ಅಳಬೇಡಿ, ವಾದ ಮಾಡಬೇಡಿ. ಪಕ್ಕದಲ್ಲಿ ಕೂತು ಇದನ್ನು ಓದಿ ಹೇಳಿ. ಇದನ್ನು ಬರೆದವಳು ಯಾರು ಅಂತ ಕೇಳಬಹುದು. ನಮಗೆ ಬೇಕಾದ ಒಬ್ಬಳು, ವಾರ ವಾರ ಹೋಗಿ ನೋಡುತ್ತೇವೆ ಅನ್ನಿ.